ಕುಲುಮೆಯ ಚಾಕುವಿಗೆ ಚರ್ಮದ ಒರೆ: ಕೆಟ್ಟ ಎರಡು, ಉಳಿದ ಒಂದು

ಹೋದ ಬೇಸಿಗೆಯಲ್ಲಿ ಊರಿನ ಕುಲುಮೆಯಲ್ಲಿ, ಲಾರಿಯ ಹಳೆಯ ಸ್ಪ್ರಿಂಗ್‌ ಪಟ್ಟಾ ಉಕ್ಕಿನಿಂದ ಒಂದು ಚಾಕು ಬಡಿಸಿಕೊಂಡೆ. ಅಲಗಿನ ಉದ್ದ 110 ಮಿ.ಮೀ., ಅಗಲ 28 ಮಿ.ಮೀ., ಬೆನ್ನಿನ ದಪ್ಪ 4 ಮಿ.ಮೀ. ಹಿಡಿ ಹಲಸಿನ ಮರದ್ದು, ಅತಿ ದಪ್ಪವಿರುವಲ್ಲಿ 20 ಮಿ.ಮೀ. ಮೆಣಸಿನ ಬಳ್ಳಿ ಕಟ್ಟುವುದಕ್ಕೆ, ಬಾಳೆಪಟ್ಟೆ ಸೀಳುವುದಕ್ಕೆ, ತೋಟದ ಪೈಪಿನ ತುದಿ ಕತ್ತರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನ್ನ ಕೈಗೆ ಬಂದಿರಲಿಲ್ಲ. ಆದರೆ ಕಮ್ಮಾರರು ಅದನ್ನು ಕೊಟ್ಟದ್ದು ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಮೇಲೊಂದು ಬಾಳೆನಾರು ಬಿಗಿದು. ಆ ಹಾಳೆ ಎರಡು ದಿನ ಬಾಳಿಕೆ ಬಂತು. ಮೂರನೆಯ ದಿನ ಚಾಕು ಪ್ಯಾಂಟಿನ ಜೇಬನ್ನು ಸೀಳಿಕೊಂಡು ತೊಡೆಗೆ ತಾಗಿತು. ಗಾಯ ದೊಡ್ಡದಲ್ಲ, ಪ್ಯಾಂಟು ಹೊಸದು.

ನಮ್ಮ ಮಲೆನಾಡಿನಲ್ಲಿ ಕತ್ತಿಗೆ ಕೊರತೆಯಿಲ್ಲ, ಒರೆಗೆ ಮಾತ್ರ ಬಹಳ ಕೊರತೆ. ಇದಕ್ಕೆ ಕಾರಣವಿದೆ: ತೋಟದ ಕತ್ತಿಯ ಮೂತಿ ಬಾಗಿರುವುದರಿಂದ ಅದು ಯಾವ ಚೀಲದೊಳಗೂ ನೇರವಾಗಿ ಇಳಿಯುವುದಿಲ್ಲ, ಹಾಗಾಗಿ ಸೊಂಟದ ಹಿಂದೆ ಕಟ್ಟಿಕೊಂಡ ಕೊಕ್ಕೆಗೆ ಅದನ್ನು ಬರಿದಾಗಿಯೇ ಸಿಕ್ಕಿಸಿಕೊಳ್ಳುತ್ತಾರೆ. ಕೊಡಗಿನ ಒಡಿಕತ್ತಿಯೂ ಹಾಗೆಯೇ, ಬೆನ್ನ ಹಿಂದಿನ ತೊಡಂಗ್‌ ಎಂಬ ಕೊಕ್ಕೆಯಲ್ಲಿ ಬರಿಯ ಅಲಗಾಗಿ ನಿಲ್ಲುತ್ತದೆ. ಒರೆಯ ಮರ್ಯಾದೆ ಇರುವುದು ಕೊಡವರ ಸೊಂಟದ ಕಠಾರಿಯಾದ ಪೀಚೆಕತ್ತಿಗೆ. ನನ್ನ ಚಾಕುವಿನ ಅಲಗು ನೇರವಾಗಿತ್ತು, ಆದ್ದರಿಂದ ಅದಕ್ಕೊಂದು ಚರ್ಮದ ಒರೆಯನ್ನು ನಾನೇ ಹೊಲಿಯುವುದೆಂದು ತೀರ್ಮಾನಿಸಿದೆ. ಚರ್ಮದ ಕೆಲಸದ ಪೂರ್ವಾನುಭವ ಏನೂ ಇರಲಿಲ್ಲ.

ಮೊದಲನೆಯ ಒರೆ

ಮೊದಲ ಒರೆಗೆ ಬಳಸಿದ್ದು ಪೇಟೆಯ ಸೋಫಾ ರಿಪೇರಿ ಅಂಗಡಿಯಲ್ಲಿ ಸಿಕ್ಕ ಕಂದು ಬಣ್ಣದ ಚರ್ಮದ ತುಂಡು. ಅದು ಒಂದೂವರೆ ಮಿ.ಮೀ. ದಪ್ಪವಿತ್ತು, ಬಟ್ಟೆಯಂತೆ ಮಡಚುತ್ತಿತ್ತು, ಹೊಲಿಯಲು ಬಹಳ ಸುಲಭವಾಗಿತ್ತು. ಎರಡು ಗಂಟೆಯಲ್ಲಿ ಒರೆ ಮುಗಿದಾಗ ನನಗೆ ನನ್ನ ಮೇಲೆಯೇ ಅಭಿಮಾನ ಹುಟ್ಟಿತ್ತು. ಮರುದಿನ ಚಾಕುವನ್ನು ಹೊರಗೆಳೆದ ಕೂಡಲೇ ಒರೆ ಖಾಲಿ ಕಾಲುಚೀಲದಂತೆ ಕುಸಿಯಿತು. ಮತ್ತೆ ಒಳಗಿಡಲು ಹೋದಾಗ ತುದಿ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯದೆ, ಮೂರನೆಯ ಸಲಕ್ಕೆ ಚರ್ಮವನ್ನು ತೂತು ಮಾಡಿಕೊಂಡು ಹೊರಗೆ ಇಣುಕಿತು. ಒಂದು ವಾರದೊಳಗೆ ಅಲಗಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೂ ಕಾಣಿಸಿಕೊಂಡವು.

ಬಸ್‌ ನಿಲ್ದಾಣದ ಎದುರಿನ ಅರಳಿಕಟ್ಟೆಯ ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಯಜಮಾನರೊಬ್ಬರು ಕೂರುತ್ತಾರೆ. ಒರೆಯನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಮಡಚಿ ಬಿಟ್ಟರು; ಅದು ರಬ್ಬರಿನಂತೆ ಮತ್ತೆ ಚಪ್ಪಟೆಯಾಯಿತು. "ಇದು ಕುರ್ಚಿಗೆ ಹಾಕೋ ಚರ್ಮ ಮಾರಾಯ್ರೆ. ನಿಲ್ಲೋದಿಲ್ಲ ಇದು. ಒರೆಗೆ ಅಟ್ಟೆ ಜಾತಿದು ಬೇಕು," ಎಂದರು; ಅಟ್ಟೆಯೆಂದರೆ ಚಪ್ಪಲಿಯ ಅಡಿಯ ದಪ್ಪ ಚರ್ಮ. ಕೆಟ್ಟ ಒರೆಯ ಮೂಲ ದೋಷ ಆ ಮೂರು ವಾಕ್ಯಗಳಲ್ಲಿ ಮುಗಿಯಿತು.

ಅವರು ಹೇಳಿದ್ದನ್ನು ಆಮೇಲೆ ಓದಿ ಬಿಡಿಸಿಕೊಂಡೆ. ಸೋಫಾ, ಜಾಕೆಟ್ಟು, ಬೂಟಿನ ಮೇಲ್ಭಾಗಗಳಿಗೆ ಬರುವ ಚರ್ಮವನ್ನು ಸಾಮಾನ್ಯವಾಗಿ ಕ್ರೋಮಿಯಂ ಲವಣದಲ್ಲಿ ಹದ ಮಾಡಿರುತ್ತಾರೆ. ಅದು ಬೇಗ ಹದವಾಗುತ್ತದೆ, ಮೆತ್ತಗಿರುತ್ತದೆ, ಒದ್ದೆ ಮಾಡಿ ಒತ್ತಿದರೂ ಕೊಟ್ಟ ಆಕಾರವನ್ನು ಉಳಿಸಿಕೊಳ್ಳುವುದಿಲ್ಲ. ಅದರಲ್ಲಿ ಉಳಿದಿರುವ ಲವಣಗಳು ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತವೆಂದು ಒರೆ ಮಾಡುವವರು ಎಚ್ಚರಿಸುತ್ತಾರೆ, ನನ್ನ ಅಲಗಿನ ಚುಕ್ಕೆಗಳೂ ಅದಕ್ಕೆ ಸಾಕ್ಷಿ ಹೇಳುವಂತಿದ್ದವು. ಒರೆಗೆ ಬೇಕಾದದ್ದು ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ. ಆವರಿಕೆಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವೆಲ್ಲ ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ಹಿಂದಿನಿಂದ ಬಳಕೆಯಲ್ಲಿರುವವು. ಈ ಚರ್ಮ ಬಿರುಸಾಗಿರುತ್ತದೆ, ಒದ್ದೆಯಾದಾಗ ಜೇಡಿಮಣ್ಣಿನಂತೆ ಒತ್ತಿದಲ್ಲಿ ಒತ್ತಿಸಿಕೊಳ್ಳುತ್ತದೆ, ಒಣಗಿದ ಮೇಲೆ ಹಾಗೆಯೇ ನಿಲ್ಲುತ್ತದೆ.

ಎರಡನೆಯ ಒರೆ

ಚೆನ್ನೈಯಿಂದ ತೊಗಟೆಯ ಹದದ ಚರ್ಮವನ್ನು ಎರಡು ಚದರಡಿ ತರಿಸಿದೆ. ವರ್ನಿಯರ್‌ ಕ್ಯಾಲಿಪರಿನಲ್ಲಿ ಅಳೆದಾಗ 3.2 ಮಿ.ಮೀ. ದಪ್ಪವಿತ್ತು, ಈ ಗಾತ್ರದ ಚಾಕುವಿಗೆ 3ರಿಂದ 3.5 ಮಿ.ಮೀ. ಸರಿಯಾದ ದಪ್ಪ. ಬಿಸ್ಕತ್ತಿನ ಬಣ್ಣ, ತೊಗಟೆಯ ಕಷಾಯದಂಥ ವಾಸನೆ. ಆ ವಾಸನೆ ನನಗೆ ಹಿಡಿಸಿತು, ಮನೆಯವರಿಗೆ ಹಿಡಿಸಲಿಲ್ಲ. ಚರ್ಮವನ್ನು ಜಗಲಿಯಿಂದ ಒಳಗೆ ತರಕೂಡದು ಎಂದು ಅಜ್ಜಿಯ ಅಪ್ಪಣೆಯಾಯಿತು, ಕೆಲಸ ಕೊಟ್ಟಿಗೆಯ ಪಕ್ಕದ ಚಪ್ಪರಕ್ಕೆ ಹೋಯಿತು. ಅಜ್ಜಿಯ ಆ ಮಾತಿನ ಹಿಂದೆ ವಾಸನೆಯಷ್ಟೇ ಇಲ್ಲವೆಂಬುದು ನನಗೂ ಗೊತ್ತು. ನಾನು ಹವ್ಯಾಸವೆಂದು ಕೈಗೆತ್ತಿಕೊಂಡ ಇದೇ ಕೆಲಸಕ್ಕಾಗಿ ಕೆಲವರನ್ನು ತಲೆತಲಾಂತರದಿಂದ ಜಗಲಿಯ ಆಚೆಗೇ ನಿಲ್ಲಿಸಲಾಗಿತ್ತು. ಚರ್ಮದ ಕೆಲಸದ ಶರಣ ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗೂಂಟಗಳು ಬರುವುದನ್ನು ಶಾಲೆಯಲ್ಲಿ ಓದಿದ್ದೆ. ಅಡಿಗೂಂಟವೆಂದರೆ ಏನೆಂದು ಕೇಳುವ ಕುತೂಹಲ ಆಗ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಎರಡನೆಯ ಒರೆಯಲ್ಲಿ ಎರಡು ತಪ್ಪುಗಳಾದವು. ಒಂದು ನಗೆಪಾಟಲಿನದು, ಇನ್ನೊಂದು ಅಪಾಯದ್ದು.

ನಗೆಪಾಟಲಿನ ತಪ್ಪೆಂದರೆ, ಕಾಗದದ ಅಚ್ಚನ್ನು ಚರ್ಮದ ಒಳಮೈಯ ಮೇಲೆ ಇಟ್ಟು ಗೀಟು ಹಾಕಿದ್ದು. ಒಳಮೈ ಜುಂಗು ಜುಂಗಾಗಿರುವುದರಿಂದ ಪೆನ್ನು ಚೆನ್ನಾಗಿ ಮೂಡುತ್ತದೆ, ಹೊರಮೈಯ ನುಣುಪೂ ಹಾಳಾಗುವುದಿಲ್ಲ ಎಂದು ಯೋಚಿಸಿದ್ದೆ. ಅಚ್ಚನ್ನು ಮಗುಚಿ ಇಡಬೇಕೆಂಬುದು ಹೊಳೆಯಲಿಲ್ಲ. ಕತ್ತರಿಸಿ ಮಡಚಿದಾಗ ಒರೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಬೆಲ್ಟಿನ ಪಟ್ಟಿ ಎಡಸೊಂಟಕ್ಕೆ ಬಂತು. ಎಡಗೈ ಬಳಸುವ ಭಾವನೊಬ್ಬ ಇದ್ದುದರಿಂದ ಆ ಒರೆ ಅವನಿಗೆಂದೇ ಮಾಡಿದ್ದು ಎಂದು ಹೇಳಿಕೊಂಡೆ.

ಆದರೆ ಅದನ್ನು ಅವನಿಗೆ ಕೊಡಲಾಗಲಿಲ್ಲ, ಏಕೆಂದರೆ ಎರಡನೆಯ ತಪ್ಪು ಅಷ್ಟರಲ್ಲಿ ಹೊರಬಿತ್ತು. ನಾನು ಒಂದೇ ಹಾಳೆಯನ್ನು ಅಲಗಿನ ಬೆನ್ನಿನ ಮೇಲೆ ಮಡಚಿ, ಅಲಗಿನ ಹರಿತವಾದ ಬಾಯಿ ಇರುವ ಕಡೆ ಎರಡು ಅಂಚುಗಳನ್ನು ನೇರವಾಗಿ ಸೇರಿಸಿ ಹೊಲಿದಿದ್ದೆ. ಹಾಗೆ ಮಾಡಿದಾಗ ಅಲಗಿನ ಬಾಯಿ ಪ್ರತಿ ಸಲವೂ ನೆಟ್ಟಗೆ ದಾರದ ಮೇಲೆಯೇ ಬಂದು ಕೂರುತ್ತದೆ. ಹತ್ತು ಹನ್ನೆರಡು ಸಲ ಎಳೆದು ಇಟ್ಟ ಮೇಲೆ ಒರೆಯ ಅಂಚಿನಲ್ಲಿ ದಾರದ ಬಿಳಿ ನೂಲು ಹೂವಿನ ಕೇಸರದಂತೆ ಹೊರಗೆ ಚಾಚಿಕೊಂಡಿತು. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ನಾಲ್ಕು ಹೊಲಿಗೆಗಳು ಕತ್ತರಿಸಿ ಹೋಗಿದ್ದವು. ನಾನು ಚಾಕು ಎಳೆಯುವಾಗ ಎಡಗೈಯ ಹೆಬ್ಬೆರಳನ್ನು ಸರಿಯಾಗಿ ಅದೇ ಅಂಚಿನ ಮೇಲೆ ಒತ್ತಿ ಹಿಡಿಯುತ್ತಿದ್ದೆ. ಅಂದಿನಿಂದ ಹೊಲಿಗೆಯಿರುವ ಕಡೆಗೆ ಬೆರಳಿಟ್ಟು ಒರೆಯನ್ನು ಹಿಡಿಯುವುದನ್ನು ಬಿಟ್ಟಿದ್ದೇನೆ, ಒರೆ ಎಷ್ಟೇ ಚೆನ್ನಾಗಿರಲಿ.

ಇದಕ್ಕೆ ಮದ್ದು ಎರಡು ಹಾಳೆಗಳ ನಡುವೆ ಇಡುವ ಮೂರನೆಯ ಪದರ. ವೆಲ್ಟ್‌ ಎನ್ನುತ್ತಾರೆ, ನಾನು ನಡುಪಟ್ಟಿ ಎಂದು ಕರೆದುಕೊಂಡಿದ್ದೇನೆ. ಹೊಲಿಗೆ ಈ ಪಟ್ಟಿಯ ಹೊರ ಅಂಚಿನಲ್ಲಿ ಹಾಯುತ್ತದೆ, ಚಾಕುವಿನ ಬಾಯಿ ಒಳ ಅಂಚಿಗೆ ತಾಗಿ ನಿಲ್ಲುತ್ತದೆ, ದಾರಕ್ಕೂ ಬಾಯಿಗೂ ನಡುವೆ ಎಂಟು ಹತ್ತು ಮಿ.ಮೀ. ಗಟ್ಟಿ ಚರ್ಮ ಉಳಿಯುತ್ತದೆ. ಒರೆ ಮುಗಿದ ಮೇಲೆ ಈ ಪಟ್ಟಿ ಅಂಚಿನಲ್ಲಿ ಒಂದು ಗೆರೆಯಾಗಿ ಕಾಣುವುದು ಬಿಟ್ಟರೆ ಇದೆಯೆಂದೇ ತಿಳಿಯುವುದಿಲ್ಲ. ಆದರೂ ಒರೆಯೆಂದರೆ ಇದೇ ಎಂಬುದು ನನ್ನ ಅಭಿಪ್ರಾಯ. ಹೊರಗಿನ ಚರ್ಮ ಇದನ್ನು ಹಿಡಿದಿಡುವ ಹೊದಿಕೆ ಮಾತ್ರ.

ಮೂರನೆಯ ಒರೆ

ಮೂರನೆಯದನ್ನು ಶುರುಮಾಡುವ ಮೊದಲು ಅಚ್ಚಿನ ಸಮಸ್ಯೆಯನ್ನು ಬಗೆಹರಿಸಬೇಕಿತ್ತು. ಕಾಗದಕ್ಕೆ ದಪ್ಪವಿಲ್ಲ, ಚರ್ಮಕ್ಕಿದೆ. ಕಾಗದದಲ್ಲಿ ಹಿಡಿಯ ಸುತ್ತ ಸರಿಯಾಗಿ ಕೂತ ಅಚ್ಚು 3.2 ಮಿ.ಮೀ. ಚರ್ಮದಲ್ಲಿ ಕತ್ತರಿಸಿದಾಗ ಬಿಗಿಯಾಗಿಬಿಡುತ್ತದೆ, ಏಕೆಂದರೆ ಬಾಗಿದ ಚರ್ಮದ ಹೊರಮೈ ಸುತ್ತುವ ದೂರ ಒಳಮೈ ಸುತ್ತುವ ದೂರಕ್ಕಿಂತ ಹೆಚ್ಚು. ಎರಡನೆಯ ಒರೆಯಲ್ಲಿ ಹಿಡಿ ಅರ್ಧ ಇಳಿಯುವಷ್ಟರಲ್ಲಿ ಸಿಕ್ಕಿಕೊಂಡದ್ದು ಈ ಕಾರಣದಿಂದಲೇ. ಸುಮಾರು ಅದೇ ದಪ್ಪದ ಏನಾದರೂ ವಸ್ತುವಿನಲ್ಲಿ ಅಚ್ಚು ಮಾಡಬೇಕೆಂದು ಮನೆಯೆಲ್ಲ ಹುಡುಕಿದಾಗ ಸಿಕ್ಕಿದ್ದು ಕಂಪ್ಯೂಟರಿನ ಹಳೆಯ ಮೌಸ್‌ ಪ್ಯಾಡು. ಅದರ ದಪ್ಪ ಸರಿಯಾಗಿ 3 ಮಿ.ಮೀ. ಅದನ್ನು ಚಾಕುವಿನ ಸುತ್ತ ಮಡಚಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ ಅಂಚನ್ನು ಹಿಡಿಸಿ, ನಡುಪಟ್ಟಿಗೆ ಇನ್ನೊಂದು ಚೂರನ್ನು ಒಳಗಿಟ್ಟು, ಚಾಕುವನ್ನು ಎಳೆದು ಇಟ್ಟು ನೋಡಿದೆ. ಎರಡು ಕಡೆ ಕತ್ತರಿ ಹಾಕಿ ಸರಿಮಾಡಿದ ಮೇಲೆ ಬಿಚ್ಚಿ ಹರಡಿದರೆ ಅಚ್ಚು ಸಿದ್ಧವಾಗಿತ್ತು. ಈ ಸಲ "ಹೊರಮೈ ಮೇಲೆ" ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟೆ.

ಒರೆ ಅಲಗನ್ನು ಮಾತ್ರವಲ್ಲದೆ ಹಿಡಿಯ ಮೊದಲ 55 ಮಿ.ಮೀ. ಭಾಗವನ್ನೂ ನುಂಗುವಂತೆ ಅಳತೆ ಹಾಕಿದ್ದೆ. ಹಾಗೆ ಮಾಡಿದರೆ ಗುಂಡಿಯ ಪಟ್ಟಿ ಬೇಕಾಗುವುದಿಲ್ಲ. ಹಿಡಿಯ ಉಬ್ಬು ಒರೆಯ ಕುತ್ತಿಗೆಯಲ್ಲಿ ಸಿಕ್ಕಿಕೊಂಡು ಚಾಕು ತಾನಾಗಿ ನಿಲ್ಲುತ್ತದೆ. ಕೆಳಗೆ ತುದಿಯಲ್ಲಿ 4 ಮಿ.ಮೀ. ಜಾಗವನ್ನು ಹೊಲಿಯದೆ ಬಿಟ್ಟೆ. ನಮ್ಮ ಕಡೆಯ ಮಳೆಗೆ ನೀರು ಇಳಿದು ಹೋಗುವ ದಾರಿಯಿಲ್ಲದ ಒರೆ ಎಂದರೆ ಅಲಗನ್ನು ಉಪ್ಪಿನಕಾಯಿ ಹಾಕಿದಂತೆ.

ಕತ್ತರಿಸುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹೊಸ ಬ್ಲೇಡ್‌ ಹಾಕಿದ ಕಟರ್‌, ಸ್ಟೀಲ್‌ ಸ್ಕೇಲು, ಅಡಿಯಲ್ಲಿ ಹಲಗೆ; ಒಂದೇ ಏಟಿಗೆ ಕೊಯ್ಯಲು ಹೋಗದೆ ಅದೇ ಗೀಟಿನಲ್ಲಿ ಮೂರು ಸಲ ಹಗುರವಾಗಿ ಎಳೆಯಬೇಕು.

ನಡುಪಟ್ಟಿಯ ಚರ್ಮ ಬೇರೆ ಕಡೆಯಿಂದ ಬಂತು. ನನ್ನ ಚೂರುಗಳನ್ನು ನೋಡಿದ ಯಜಮಾನರು ತಮ್ಮ ಪೆಟ್ಟಿಗೆಯ ತಳದಿಂದ ಅಥಣಿ ಚಪ್ಪಲಿಯ ಅಟ್ಟೆಯ ಒಂದು ತುಂಡನ್ನು ತೆಗೆದುಕೊಟ್ಟರು. ಎಮ್ಮೆಯ ತೊಗಲು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ಹದ, ಹಲಗೆಯಂಥ ಬಿರುಸು. ಅಥಣಿಯಲ್ಲೂ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್‌) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿಯ ಅಟ್ಟೆಯನ್ನು ಒಮ್ಮೆ ಕೊಯ್ದು ನೋಡಿದವರು ಆ ಚಪ್ಪಲಿಗಳು ವರ್ಷಗಟ್ಟಲೆ ಹೇಗೆ ಬಾಳುತ್ತವೆ ಎಂದು ಕೇಳುವುದಿಲ್ಲ. ಚಾಕುವಿನ ಬಾಯಿ ತಾಗುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಇರಲಾರದು. ಆ ತುಂಡಿನಿಂದ 12 ಮಿ.ಮೀ. ಅಗಲದ ಪಟ್ಟಿಯನ್ನು ಅಲಗಿನ ಬಾಗಿಗೆ ಸರಿಯಾಗಿ ಕೊಯ್ದೆ. ಹಿಡಿ ಬರುವ ಕಡೆ ಅದನ್ನು ಇಳಿಜಾರಾಗಿ ತೆಳು ಮಾಡಬೇಕಿತ್ತು. ಕಟರ್‌ ಜಾರುತ್ತಿದ್ದುದನ್ನು ಕಂಡ ಯಜಮಾನರು ಒಂದು ಗಾಜಿನ ಚೂರಿನಿಂದ ಕೆರೆದು ತೋರಿಸಿದರು. ಮುರಿದ ಗಾಜಿನ ಹೊಸ ಅಂಚು ಚರ್ಮವನ್ನು ತೆಂಗಿನ ತುರಿಯಷ್ಟು ಸಣ್ಣಗೆ ಹೆರೆಯುತ್ತದೆ, ಕೈಗೆ ಮಾತ್ರ ದಪ್ಪ ಬಟ್ಟೆ ಸುತ್ತಿಕೊಂಡಿರಬೇಕು.

ಬೆಲ್ಟಿನ ಪಟ್ಟಿಯನ್ನು ಮೊದಲು ಹೊಲಿದು ಆಮೇಲೆ ಒರೆಯನ್ನು ಮುಚ್ಚಬೇಕು. ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ. ನನ್ನ ಬೆಲ್ಟು 40 ಮಿ.ಮೀ. ಅಗಲವಿರುವುದರಿಂದ ಪಟ್ಟಿಯ ಕುಣಿಕೆಯನ್ನು 48 ಮಿ.ಮೀ. ಇಟ್ಟೆ.

ಅಂಟಿಸಲು ಬಳಸಿದ್ದು ಚಪ್ಪಲಿಗೆ ಹಚ್ಚುವ ಸಲ್ಯೂಷನ್‌. ಎರಡೂ ಮೈಗೆ ತೆಳುವಾಗಿ ಸವರಿ, ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಸೇರಿಸಿ ಸುತ್ತಿಗೆಯಿಂದ ತಟ್ಟಬೇಕು. ಒಮ್ಮೆ ಸೇರಿದರೆ ಸರಿಸಲಾಗದು, ಆದ್ದರಿಂದ ಮೊದಲು ತುದಿಯನ್ನು ಹೊಂದಿಸಿಕೊಂಡು ಅಲ್ಲಿಂದ ಮೇಲಕ್ಕೆ ಒತ್ತುತ್ತಾ ಬರುವುದು ಒಳ್ಳೆಯದು. ನಡುಪಟ್ಟಿಯ ಒಂದು ಮುಖ ಹೊರಮೈಯ ನುಣುಪಿನದು. ಅದನ್ನು 120 ನಂಬರಿನ ಪಾಲಿಷ್‌ ಪೇಪರಿನಿಂದ ಒರಟು ಮಾಡದಿದ್ದರೆ ಅಂಟು ಹಪ್ಪಳದಂತೆ ಎದ್ದು ಬರುತ್ತದೆ. ನನಗೆ ಒಂದು ಸಲ ಹಾಗೆ ಎದ್ದು ಬಂತು.

ಇನ್ನು ತೂತುಗಳು. ಅಂಚಿನಿಂದ 4 ಮಿ.ಮೀ. ಒಳಗೆ ಶಾಲೆಯ ಕೈವಾರದಿಂದ ಗೆರೆ ಎಳೆದು, ಆ ಗೆರೆಯನ್ನು ತುಸು ತೋಡಿ, ಅದರ ಮೇಲೆ ಅಡುಗೆಮನೆಯ ಫೋರ್ಕನ್ನು ಒತ್ತುತ್ತಾ ಹೋದೆ. ಅದರ ಹಲ್ಲುಗಳ ನಡುವಿನ ಅಂತರ 4 ಮಿ.ಮೀ. ಇತ್ತು, ಕೊನೆಯ ಹಲ್ಲನ್ನು ಹಿಂದಿನ ಗುರುತಿನಲ್ಲೇ ಕೂರಿಸಿ ಮುಂದಕ್ಕೆ ಸರಿದರೆ ಗುರುತುಗಳೆಲ್ಲ ಒಂದೇ ಸಮವಾಗಿ ಬರುತ್ತವೆ. ಆ ಫೋರ್ಕು ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಹೋಗಕೂಡದೆಂದು ಅಮ್ಮನ ತೀರ್ಪಾಯಿತು. ದಾರ ತೋಡಿನೊಳಗೆ ಕೂರುವುದರಿಂದ ಬಟ್ಟೆಗೆ, ಬೇಲಿಗೆ ಉಜ್ಜಿ ಸವೆಯುವುದಿಲ್ಲ. ಈ ತೋಡು ಅಂದಕ್ಕಾಗಿ ಇರುವುದಲ್ಲ.

ಮೂರು ಪದರ ಸೇರಿ ಅಂಚಿನ ದಪ್ಪ ಹತ್ತಿರ ಹತ್ತಿರ 10 ಮಿ.ಮೀ. ಆಗಿತ್ತು. ಅಷ್ಟು ದಪ್ಪದಲ್ಲಿ ಚರ್ಮ ಚುಚ್ಚುವ ಉಳಿಯನ್ನು ನೇರವಾಗಿ ಇಳಿಸುವುದು ನನ್ನ ಕೈಗೆ ಸಾಧ್ಯವಾಗಲಿಲ್ಲ. ಹಾಗಾಗಿ 1.2 ಮಿ.ಮೀ. ಬಿಟ್‌ ಹಾಕಿದ ಕೈಡ್ರಿಲ್ಲಿನಿಂದ ಕೊರೆದೆ. ಮುಂಭಾಗದಲ್ಲಿ ದಾರದಷ್ಟು ನೇರವಾಗಿದ್ದ ಸಾಲು ಹಿಂಭಾಗದಲ್ಲಿ ಇರುವೆಸಾಲಿನಂತೆ ಅತ್ತಿತ್ತ ಹೋಗಿತ್ತು. ಕೆಲವು ತೂತುಗಳು ಎರಡು ಮಿ.ಮೀ. ತಪ್ಪಿದ್ದವು. ಡ್ರಿಲ್ಲನ್ನು ನೇರವಾಗಿ ಹಿಡಿದಿದ್ದೇನೆಂದು ನನಗೆ ಅನ್ನಿಸುತ್ತಿದ್ದುದೆಲ್ಲ ನನ್ನ ಕಡೆಗೆ ವಾಲಿದ ಕೋನ. ಅರ್ಧ ಸಾಲು ಮುಗಿದ ಮೇಲೆ ಪಕ್ಕದಲ್ಲಿ ಒಂದು ಮೂಲೆಮಟ್ಟವನ್ನು ನಿಲ್ಲಿಸಿಕೊಂಡು, ಡ್ರಿಲ್ಲಿನ ಬಿಟ್‌ ಅದಕ್ಕೆ ಸಮವಾಗಿದೆಯೇ ಎಂದು ಪ್ರತಿ ತೂತಿಗೂ ನೋಡಿದೆ. ಉಳಿದರ್ಧ ಪರವಾಗಿಲ್ಲ ಎನ್ನುವಂತೆ ಬಂತು.

ಹೊಲಿಗೆಗೆ ಒಂದೇ ದಾರದ ಎರಡು ತುದಿಗೂ ಒಂದೊಂದು ಸೂಜಿ ಪೋಣಿಸಿಕೊಂಡೆ. ಪ್ರತಿಯೊಂದು ತೂತಿನಲ್ಲೂ ಎರಡೂ ಸೂಜಿಗಳು ಎದುರು ಬದುರಾಗಿ ಹಾಯುತ್ತವೆ. ಮೊದಲು ಬಲಗೈಯ ಸೂಜಿ ಆಚೆಗೆ ಹೋಗುತ್ತದೆ. ಆ ದಾರವನ್ನು ತುಸು ಹಿಂದಕ್ಕೆ ಎಳೆದು ಹಿಡಿದು, ಅದರ ಕೆಳಗಿನಿಂದ ಎಡಗೈಯ ಸೂಜಿ ಈಚೆಗೆ ಬರುತ್ತದೆ. ಎರಡನ್ನೂ ಒಟ್ಟಿಗೆ ಎಳೆದರೆ ತೂತಿನೊಳಗೆ ದಾರಗಳು ಒಂದನ್ನೊಂದು ತಬ್ಬಿಕೊಳ್ಳುವ ಮೃದುವಾದ ಸದ್ದು ಕೇಳುತ್ತದೆ. ಹಿಂದಕ್ಕೆ ಎಳೆದು ಹಿಡಿಯುವುದನ್ನು ಮರೆತರೆ ಎರಡನೆಯ ಸೂಜಿ ಮೊದಲ ದಾರವನ್ನೇ ಚುಚ್ಚಿಕೊಂಡು ಹೋಗುತ್ತದೆ, ಆಮೇಲೆ ಎಷ್ಟು ಎಳೆದರೂ ಬಿಗಿಯಾಗುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಯಾವ ಕೈ ಮೊದಲು, ಯಾವ ದಾರ ಮೇಲೆ ಎಂಬ ಕ್ರಮವನ್ನು ಕೊನೆಯವರೆಗೂ ಬದಲಿಸಬಾರದು. ಯಜಮಾನರು ಹೊಲಿಯುವ ರೀತಿ ಬೇರೆ: ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಉಳಿಯಿಂದ ಚುಚ್ಚಿ, ಅಡಿಯಿಂದ ದಾರದ ಕುಣಿಕೆಯನ್ನು ಎಳೆದುಕೊಂಡು, ನಾನು ಒಂದು ಹೊಲಿಗೆ ಹಾಕುವಷ್ಟರಲ್ಲಿ ಐದು ಹಾಕುತ್ತಾರೆ. ಆದರೆ ಎರಡು ಸೂಜಿಯ ಹೊಲಿಗೆಗೆ ಒಂದು ಗುಣವಿದೆ: ಒಂದು ಕಡೆ ದಾರ ತುಂಡಾದರೂ ಇನ್ನೊಂದು ದಾರ ಅದೇ ತೂತುಗಳಲ್ಲಿ ಉಳಿದು ಹಿಡಿದುಕೊಂಡಿರುತ್ತದೆ. ಎರಡನೆಯ ಒರೆಯ ಗತಿಯನ್ನು ಕಂಡಿದ್ದ ನನಗೆ ವೇಗಕ್ಕಿಂತ ಅದೇ ಮುಖ್ಯವೆನಿಸಿತು. ಒರೆಯನ್ನು ಹಿಡಿದುಕೊಳ್ಳಲು ಎರಡು ಹಲಗೆಗಳ ನಡುವೆ ಸಿಕ್ಕಿಸಿ ಮೊಣಕಾಲುಗಳಿಂದ ಒತ್ತಿಕೊಂಡಿದ್ದೆ. ಮರುದಿನ ತೊಡೆಗಳು ನೋಯುತ್ತಿದ್ದವು.

ದಾರದ ಅಳತೆಯಲ್ಲಿ ಒಂದು ಲೆಕ್ಕ ತಪ್ಪಿತು. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಸಾಕು ಎಂಬ ಮಾತನ್ನು ಎಲ್ಲಿಯೋ ಓದಿದ್ದೆ. 180 ಮಿ.ಮೀ. ಹೊಲಿಗೆಗೆ 720 ಮಿ.ಮೀ. ಆಗುತ್ತದೆ, ಕೈಹಿಡಿತಕ್ಕೆಂದು ಸೇರಿಸಿ ಒಂದು ಮೀಟರ್‌ ಕತ್ತರಿಸಿದ್ದೆ. ನಡುದಾರಿಯಲ್ಲೇ ಮುಗಿಯಿತು. ಕುಳಿತು ಲೆಕ್ಕ ಹಾಕಿದಾಗ ಕಾರಣ ತಿಳಿಯಿತು: ಪ್ರತಿ ಹೊಲಿಗೆಯಲ್ಲಿ ಒಂದೊಂದು ದಾರ ಮೇಲ್ಮೈಯಲ್ಲಿ 4 ಮಿ.ಮೀ. ಸಾಗುವುದಲ್ಲದೆ ಸುಮಾರು 10 ಮಿ.ಮೀ. ದಪ್ಪವನ್ನೂ ಹಾಯಬೇಕು. ಎರಡು ದಾರಕ್ಕೆ 28 ಮಿ.ಮೀ., 45 ಹೊಲಿಗೆಗೆ 1260 ಮಿ.ಮೀ., ಅಂದರೆ ಉದ್ದದ ಏಳು ಪಟ್ಟು. ನಾಲ್ಕು ಪಟ್ಟಿನ ಲೆಕ್ಕ ತೆಳ್ಳನೆಯ ಪರ್ಸಿಗೆ ಸರಿಯಿರಬಹುದು, ನಡುಪಟ್ಟಿಯಿರುವ ಒರೆಗಲ್ಲ. ಎಲ್ಲವನ್ನೂ ಬಿಚ್ಚಿ, ಜೇನುಮೇಣ ತಿಕ್ಕಿದ 0.8 ಮಿ.ಮೀ. ಪಾಲಿಯೆಸ್ಟರ್‌ ದಾರವನ್ನು ಒಂದು ಮುಕ್ಕಾಲು ಮೀಟರ್‌ ತೆಗೆದುಕೊಂಡು ಮತ್ತೆ ಶುರುಮಾಡಿದೆ. ಒರೆಯ ಬಾಯಿಯ ಹತ್ತಿರ ಎಳೆತ ಹೆಚ್ಚಾದ್ದರಿಂದ ಅಲ್ಲಿ ಎರಡು ಹೊಲಿಗೆ ಹಿಂದಕ್ಕೆ ಹಾಕಿದೆ, ತುದಿಯಲ್ಲೂ ಹಾಗೆಯೇ ಮಾಡಿ, ಉಳಿದ ದಾರವನ್ನು ಕತ್ತರಿಸಿ ಊದುಬತ್ತಿಯ ಕೆಂಡದಿಂದ ಮುಟ್ಟಿಸಿ ಕರಗಿಸಿದೆ.

ಆಮೇಲಿನದು ಒದ್ದೆ ಮಾಡಿ ಆಕಾರ ಕೊಡುವ ಕೆಲಸ. ಈ ಹಂತವನ್ನು ನಾನು ಅತ್ಯಂತ ಇಷ್ಟಪಟ್ಟೆ, ಹಾಗೆಯೇ ಅತ್ಯಂತ ಹೆಚ್ಚು ಕೆಡಿಸಿದೆ ಕೂಡ. ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ ಚರ್ಮದ ರಂಧ್ರಗಳಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು, ಗಾಢವಾದ ಬಣ್ಣ ಮತ್ತೆ ತಿಳಿಯಾಗಲು ಶುರುವಾಗುವವರೆಗೆ ಕಾಯಬೇಕು. ಚಾಕುವಿಗೆ ಎಣ್ಣೆ ಹಚ್ಚಿ, ತೆಳು ಪ್ಲಾಸ್ಟಿಕ್ಕನ್ನು ಎರಡು ಸುತ್ತು ಸುತ್ತಿ ಒಳಗಿಟ್ಟೆ. ಹೆಬ್ಬೆರಳಿನಿಂದ, ಆಮೇಲೆ ಚಮಚದ ಬೆನ್ನಿನಿಂದ ಹಿಡಿಯ ಅಂಚಿನ ಗುಂಟ ಒತ್ತುತ್ತಾ ಹೋದಂತೆ ಒಳಗಿನ ಚಾಕುವಿನ ರೂಪ ಹೊರಗೆ ಮೂಡಿ ಬಂತು. ಹಿಡಿ ಮುಗಿದು ಅಲಗು ಶುರುವಾಗುವ ಮೆಟ್ಟಿಲು ಕೂಡ ಕಣ್ಣಿಗೆ ಕಾಣುವಂತಾಯಿತು. ಅಷ್ಟರಲ್ಲಿ ನನ್ನ ಬೆರಳು ಒತ್ತಿದ ಜಾಗಗಳಲ್ಲೆಲ್ಲ ನೀಲಿಮಿಶ್ರಿತ ಕಪ್ಪು ಕಲೆಗಳು ಏಳತೊಡಗಿದವು.

ಅದೇ ಹಲಗೆಯ ಮೇಲೆ ಬೆಳಗ್ಗೆ ಚಾಕುವಿಗೆ ಅರ ಹಾಕಿದ್ದೆ. ಕಣ್ಣಿಗೆ ಕಾಣದಷ್ಟು ಉಕ್ಕಿನ ಪುಡಿ ಬೆರಳಿಗೆ ಅಂಟಿತ್ತು. ಒಗರಿನ ಹದದ ಚರ್ಮ ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ಒಗರೂ ಕಬ್ಬಿಣವೂ ಸೇರಿ ಕಪ್ಪಾಗುತ್ತವೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ನಿಂಬೆರಸ ಹಚ್ಚಿದರೆ ಕಲೆ ತುಸು ಮಾಸಿತೇ ಹೊರತು ಹೋಗಲಿಲ್ಲ. ಕೊನೆಗೆ ಕಲೆಯನ್ನು ತೆಗೆಯುವ ಬದಲು ಒರೆಯನ್ನೇ ಪೂರ್ತಿ ಕಪ್ಪು ಮಾಡುವುದೆಂದು ನಿಶ್ಚಯಿಸಿದೆ. ಬಿಳಿ ವಿನೆಗರಿನಲ್ಲಿ ಕಬ್ಬಿಣವನ್ನು ವಾರಕಾಲ ನೆನೆಹಾಕಿ ಸೋಸಿದರೆ ಸಿಗುವ ನೀರು ಇದಕ್ಕೆ ಸಾಕು. ಪಾತ್ರೆ ತಿಕ್ಕುವ ಸ್ಟೀಲ್‌ ಜುಂಗನ್ನು ಮೊದಲು ಹಾಕಿ ನೋಡಿದ್ದೆ. ಅದು ತುಕ್ಕು ಹಿಡಿಯದ ಉಕ್ಕಾದ್ದರಿಂದ ವಾರದ ಮೇಲೂ ಹೊಳೆಯುತ್ತಾ ಕೂತಿತ್ತು. ತುಕ್ಕು ಹಿಡಿದ ಮೊಳೆಗಳು ಕೆಲಸ ಮಾಡಿದವು. ಬಾಟಲಿಯ ಮುಚ್ಚಳವನ್ನು ಬಿಗಿಯಬಾರದು, ಒಳಗೆ ಅನಿಲ ಹುಟ್ಟುತ್ತದೆ. ಆ ನೀರನ್ನು ಬಟ್ಟೆಯಿಂದ ಸವರಿದ ಕೂಡಲೇ ಬಿಸ್ಕತ್ತಿನ ಬಣ್ಣದ ಚರ್ಮ ಮೊದಲು ಬೂದಿಯಾಗಿ, ಕಣ್ಣೆದುರೇ ಕಾಡಿಗೆಯ ಬಣ್ಣಕ್ಕೆ ತಿರುಗಿತು. ಹುಳಿ ಉಳಿಯದಿರಲೆಂದು ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒರೆಸಿ, ಮತ್ತೆ ತಿಳಿನೀರಿನಲ್ಲಿ ತೊಳೆದೆ. ಕುತೂಹಲಕ್ಕೆಂದು ಸೋಫಾ ಚರ್ಮದ ಚೂರಿನ ಮೇಲೂ ಒಂದು ಹನಿ ಹಾಕಿದೆ. ಅದು ಹಾಗೆಯೇ ಉಳಿಯಿತು. ಚರ್ಮ ಯಾವ ಹದದ್ದೆಂದು ಪರೀಕ್ಷಿಸಲು ಈ ಒಂದು ಹನಿಯೇ ಸಾಕು. ಕನ್ನಡದಲ್ಲಿ ಚಿನ್ನವನ್ನು ಉಜ್ಜಿ ನೋಡುವ ಕಲ್ಲಿಗೂ ಒರೆ ಎನ್ನುತ್ತಾರಲ್ಲ, ಅಂದು ಒರೆಯ ಚರ್ಮವನ್ನೇ ಒರೆಗೆ ಹಚ್ಚಿದಂತಾಯಿತು.

ಒಣಗಿಸುವಾಗ ಆತುರಪಡಬಾರದು. ಇದನ್ನು ನಾನು ಎರಡನೆಯ ಒರೆಯ ಶವದ ಮೇಲೆ ಕಲಿತದ್ದು: ಹೊಲಿಗೆ ಹರಿದ ಆ ಒರೆಯನ್ನು ಪ್ರಯೋಗಕ್ಕೆಂದು ಒದ್ದೆ ಮಾಡಿ, ಹೊರಗೆ ಮಳೆಯಿದ್ದುದರಿಂದ ಬಚ್ಚಲ ಒಲೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಸಂಜೆಗೆ ಅದು ಮುಕ್ಕಾಲು ಗಾತ್ರಕ್ಕೆ ಕುಗ್ಗಿ, ಅಂಚು ಸುರುಟಿ, ಬಗ್ಗಿಸಿದರೆ ಚಕ್ಕುಲಿಯಂತೆ ಮುರಿಯುತ್ತಿತ್ತು. ಒದ್ದೆ ಚರ್ಮ ಬೇಯುವುದಕ್ಕೆ ಕುದಿಯುವ ನೀರಿನಷ್ಟು ಬಿಸಿ ಬೇಕಾಗಿಲ್ಲ. ಮೂರನೆಯದನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ಎರಡು ದಿನ ತೂಗುಹಾಕಿದೆ.

ಅಂಚಿನ ಕೆಲಸ ಬೇಸರದ್ದು, ಆದರೆ ನೋಡಿದವರು ಮೊದಲು ಕೈಯಾಡಿಸುವುದು ಅಲ್ಲಿಯೇ. ಪಾಲಿಷ್‌ ಪೇಪರನ್ನು 120ರಿಂದ ಶುರುಮಾಡಿ 220, 400, 600 ನಂಬರಿನವರೆಗೆ ಉಜ್ಜಿ, ತುಸು ನೀರು ಸವರಿ, ಮುರಿದ ಲಟ್ಟಣಿಗೆಯ ಹಿಡಿಯಿಂದ ರಭಸವಾಗಿ ತಿಕ್ಕಿದೆ. ಮೂರು ಪದರಗಳ ಗೆರೆ ಕರಗಿ ಒಂದೇ ಮರದ ಅಂಚಿನಂತೆ ಹೊಳೆಯಿತು. ಮೇಲೆ ಜೇನುಮೇಣ ಹಚ್ಚಿ ಬಟ್ಟೆಯಿಂದ ಉಜ್ಜಿದೆ. ಕಪ್ಪು ಮಾಡಿದ ಚರ್ಮ ಬಹಳ ಒಣಗಿದಂತೆ ಕಂಡಿದ್ದರಿಂದ ಹರಳೆಣ್ಣೆಯ ನಾಲ್ಕು ಹನಿಯನ್ನು ಮೈಗೆಲ್ಲ ಸವರಿದೆ. ಅದಕ್ಕಿಂತ ಹೆಚ್ಚು ಕುಡಿಸಿದರೆ ಒರೆ ಮತ್ತೆ ಮೆತ್ತಗಾಗಿ, ಅಷ್ಟು ಕಷ್ಟಪಟ್ಟು ಕೊಟ್ಟ ಆಕಾರ ಹೋಗುತ್ತದೆ.

ಈ ಒರೆ ಈಗ ಒಂದು ಮಳೆಗಾಲವನ್ನು ದಾಟಿದೆ. ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಚಾಕು ಬೀಳುವುದಿಲ್ಲ, ಹೆಬ್ಬೆರಳಿನಿಂದ ಒರೆಯ ಕುತ್ತಿಗೆಯನ್ನು ಒತ್ತಿ ಎಳೆದರೆ ಟಕ್ಕೆಂದು ಬರುತ್ತದೆ. ಟಾರ್ಚು ಬಿಟ್ಟು ಒಳಗೆ ನೋಡಿದಾಗ ನಡುಪಟ್ಟಿಯ ಮೇಲೆ ಅಲಗಿನ ಬಾಯಿ ಎಳೆದ ಒಂದು ಸಣ್ಣ ಗೀರು ಕಂಡಿತು, ಹೊಲಿಗೆಗೆ ಇನ್ನೂ ಬಹಳ ದೂರವಿದೆ. ಆಷಾಢದಲ್ಲಿ ಹೊರಮೈಯ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. ಒಣ ಬಟ್ಟೆಯಿಂದ ಒರೆಸಿ, ಮತ್ತೆ ಮೇಣ ಹಚ್ಚಿದೆ. ಚಾಕುವನ್ನು ರಾತ್ರಿ ಒರೆಯೊಳಗೆ ಬಿಡುವುದಿಲ್ಲ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಒಂದು ವಾರ ಮರೆತದ್ದಕ್ಕೆ ಅಲಗಿನ ಕತ್ತಿನಲ್ಲಿ, ಒರೆ ಬಿಗಿಯಾಗಿ ಹಿಡಿಯುವ ಜಾಗದಲ್ಲಿ, ಬಳೆಯಂತೆ ಕಪ್ಪು ಗೆರೆಯೊಂದು ಮೂಡಿ ಕೂತಿದೆ.

ಮೊನ್ನೆ ಒರೆಯನ್ನು ಯಜಮಾನರಿಗೆ ತೋರಿಸಿದೆ. ಅವರು ಮುಂಭಾಗವನ್ನು ನೋಡಲೇ ಇಲ್ಲ, ನೇರವಾಗಿ ಹಿಂದಕ್ಕೆ ತಿರುಗಿಸಿ ಹೊಲಿಗೆಯ ಸಾಲಿನ ಮೇಲೆ ಉಗುರಿನಿಂದ ಎಳೆಯುತ್ತಾ ಹೋದರು. ಸಾಲಿನ ಮೊದಲರ್ಧ ಮುಗಿಯುವಲ್ಲಿ ಉಗುರು ನಿಂತಿತು. "ಇಲ್ಲಿಂದ ಆಚೆಗೆ ಬೇರೆಯವರು ಹೊಲಿದ್ರಾ?" ಎಂದು ಕೇಳಿದರು. ಮೂಲೆಮಟ್ಟದ ಕಥೆಯನ್ನು ಹೇಳಿದೆ. ನಕ್ಕರು, ತಮ್ಮ ಉಳಿಯನ್ನು ನನ್ನ ಕೈಗೆ ಕೊಟ್ಟು, ಹಳೆಯ ಅಟ್ಟೆಯ ಒಂದು ತುಂಡನ್ನು ಮುಂದಕ್ಕೆ ಸರಿಸಿ, ಡ್ರಿಲ್ಲಿಲ್ಲದೆ ಇಪ್ಪತ್ತು ತೂತು ಹಾಕಿ ತೋರಿಸಲು ಹೇಳಿದರು. ಏಳು ನೇರವಾಗಿ ಬಂದವು.